ವರ್ಮ್‌ಹೋಲ್ ಎಂಬ ದಾರಿ, ಕಪ್ಪುಕುಳಿ ಎಂಬ ಲೆಕ್ಕ



ದತ್ತಿ ಉಪನ್ಯಾಸದಲ್ಲಿ ಮಾತಾಡುವವನಿಗೆ ಒಂದು ಅನುಕೂಲವಿದೆ, ಒಂದು ಭಯವಿದೆ. ನಡುವೆ ಯಾರೂ ಎದ್ದುಹೋಗುವುದಿಲ್ಲ ಎಂಬುದು ಅನುಕೂಲ. ಆಡಿದ ಮಾತು ನಾಳೆ ಅಚ್ಚಾಗುತ್ತದೆ ಎಂಬುದು ಭಯ. ಸಂಘಟಕರು ‘ಗುರುತ್ವ, ಕಪ್ಪುಕುಳಿ, ವರ್ಮ್‌ಹೋಲ್: ಇತ್ತೀಚಿನ ಸಂಶೋಧನೆ’ ಎಂಬ ವಿಷಯ ಕೊಟ್ಟಾಗ ನನಗೆ ಭಯವಾದದ್ದು ಮೂರನೆಯ ಪದದಿಂದ. 2014ರಲ್ಲಿ ‘ಇಂಟರ್‌ಸ್ಟೆಲ್ಲರ್’ ಸಿನಿಮಾ ಬಂದ ಮೇಲೆ ವರ್ಮ್‌ಹೋಲ್ ಗೊತ್ತಿಲ್ಲದವರು ಯಾರೂ ಇಲ್ಲ. ಈ ಕಡೆ ಹೊಕ್ಕರೆ ಆ ಕಡೆ, ಇನ್ನೊಂದು ಗೆಲಾಕ್ಸಿಯಲ್ಲಿ ಏಳಬಹುದಾದ ಸುರಂಗ. ಅದನ್ನೇ ಕೇಳಲು ಬಂದಿದ್ದರೆ ನಿಮಗೆ ನಿರಾಸೆಯಾಗಬಹುದು, ಮೊದಲೇ ಹೇಳಿಬಿಡುತ್ತೇನೆ. ಈಚಿನ ಹತ್ತು ಹನ್ನೆರಡು ವರ್ಷಗಳ ಸೈದ್ಧಾಂತಿಕ ಕೆಲಸವನ್ನು ಓದಿದವನಿಗೆ ಅನಿಸುವುದು ಇಷ್ಟು: ವರ್ಮ್‌ಹೋಲು ಅಡ್ಡದಾರಿಯಾಗಿ ಸೋತಿದೆ, ಲೆಕ್ಕದ ಸಾಧನವಾಗಿ ಗೆದ್ದಿದೆ. ಆ ಗೆಲುವೇ ಸಿನಿಮಾದ ಸುರಂಗಕ್ಕಿಂತ ವಿಚಿತ್ರವಾದದ್ದು.

ಹಳೆಯ ಕಥೆಯನ್ನು ಬೇಗ ಮುಗಿಸೋಣ. ಐನ್‌ಸ್ಟೈನರ ಗುರುತ್ವದ ಸಮೀಕರಣಗಳು ಪೂರ್ಣ ರೂಪಕ್ಕೆ ಬಂದದ್ದು 1915ರ ನವೆಂಬರಿನಲ್ಲಿ. ಮರುವರ್ಷವೇ ಕಾರ್ಲ್ ಶ್ವಾರ್ಜ್‌ಶಿಲ್ಡ್ ಅವಕ್ಕೊಂದು ಖಚಿತ ಉತ್ತರ ಪ್ರಕಟಿಸಿದರು. ಆಗ ಅವರು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿದ್ದರು. 1916ರ ಮೇ ತಿಂಗಳಲ್ಲಿ ತೀರಿಕೊಂಡರು. ನಾವು ಇಂದು ಕಪ್ಪುಕುಳಿ ಎನ್ನುವುದು ಆ ಉತ್ತರದೊಳಗೆ ಅಡಗಿತ್ತು. 1935ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಅದೇ ಉತ್ತರವನ್ನು ಇನ್ನೊಂದು ಬಗೆಯಲ್ಲಿ ಓದಿ, ದೇಶಕಾಲದ ಎರಡು ಪ್ರತ್ಯೇಕ ಭಾಗಗಳನ್ನು ಜೋಡಿಸುವ ಸೇತುವೆಯೊಂದು ಅದರಲ್ಲಿದೆ ಎಂದು ತೋರಿಸಿದರು. ‘ವರ್ಮ್‌ಹೋಲ್’ ಎಂಬ ಹೆಸರನ್ನು 1957ರಲ್ಲಿ ಕೊಟ್ಟವರು ಅಮೆರಿಕದ ಜಾನ್ ವೀಲರ್ ಮತ್ತು ಚಾರ್ಲ್ಸ್ ಮಿಸ್ನರ್. ಅದೇ ವೀಲರ್ 1962ರಲ್ಲಿ ರಾಬರ್ಟ್ ಫುಲ್ಲರ್ ಜೊತೆ ಸೇರಿ ಲೆಕ್ಕ ಮಾಡಿ, ಸೇತುವೆ ಇದ್ದೂ ಇಲ್ಲದಂತೆ ಎಂದು ತೋರಿಸಿದರು. ಮನುಷ್ಯನ ಮಾತಿರಲಿ, ಬೆಳಕಿನ ಕಿರಣವೂ ದಾಟುವಷ್ಟರಲ್ಲಿ ಅದರ ನಡು ಸಣ್ಣಗಾಗಿ ಕಡಿದುಹೋಗುತ್ತದೆ.

ಯಾಕೆ ಕಡಿದುಹೋಗುತ್ತದೆ? ಉತ್ತರದ ಬೇರು ಕೋಲ್ಕತ್ತದಲ್ಲಿದೆ. 1955ರಲ್ಲಿ ಅಮಲ್ ಕುಮಾರ್ ರಾಯ್‌ಚೌಧುರಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ಒಟ್ಟಿಗೆ ಹೊರಟ ಕಣಗಳ ಗುಂಪಾಗಲಿ ಬೆಳಕಿನ ಕಿರಣಗಳ ಕಂತೆಯಾಗಲಿ, ಮಾಮೂಲಿ ದ್ರವ್ಯದ ಗುರುತ್ವಕ್ಕೆ ಸಿಕ್ಕಿದರೆ ಪರಸ್ಪರ ಹತ್ತಿರವಾಗುತ್ತ ಹೋಗುತ್ತವೆಯೇ ಹೊರತು ದೂರವಾಗುವುದಿಲ್ಲ. ಇದು ಆ ಸಮೀಕರಣದ ಸಾರ. ರೋಜರ್ ಪೆನ್‌ರೋಸ್‌ರಿಗೆ 2020ರ ನೊಬೆಲ್ ತಂದುಕೊಟ್ಟ 1965ರ ಪ್ರಮೇಯದ ಹಿಂದೆಯೂ ಇದೇ ತರ್ಕವಿದೆ. ಈಗ ವರ್ಮ್‌ಹೋಲಿನ ಗಂಟಲನ್ನು ಕಲ್ಪಿಸಿಕೊಳ್ಳಿ. ಒಳಗೆ ಹೋಗುವಾಗ ಕಿರಣಗಳು ಕೂಡಿಕೊಳ್ಳುತ್ತವೆ, ಆಚೆ ಬರುವಾಗ ಹರಡಿಕೊಳ್ಳಲೇಬೇಕು. ಹರಡಬೇಕಾದರೆ ಗಂಟಲಿನಲ್ಲಿ ಋಣ ಶಕ್ತಿ ಇರಬೇಕು, ಅಂದರೆ ಖಾಲಿ ಜಾಗದ ಶಕ್ತಿಗಿಂತ ಕಡಿಮೆ ಶಕ್ತಿ. ಕಾರ್ಲ್ ಸೇಗನ್ ತಮ್ಮ ‘ಕಾಂಟಾಕ್ಟ್’ ಕಾದಂಬರಿಗಾಗಿ ಕಿಪ್ ಥಾರ್ನ್‌ರನ್ನು ಸಲಹೆ ಕೇಳಿದ್ದೇ ನೆಪವಾಗಿ, ಥಾರ್ನ್ ಮತ್ತು ಮೈಕೆಲ್ ಮಾರಿಸ್ 1988ರಲ್ಲಿ ಇದನ್ನು ಅಚ್ಚುಕಟ್ಟಾಗಿ ಬರೆದರು. ದಾಟಬಲ್ಲ ವರ್ಮ್‌ಹೋಲ್ ಬೇಕೆಂದರೆ ಋಣ ಶಕ್ತಿಯನ್ನು ಎಲ್ಲಿಂದ ತರುತ್ತೀರಿ ಹೇಳಿ ಎಂಬುದೇ ಆಮೇಲಿನ ಎಲ್ಲ ಚರ್ಚೆಯ ತಿರುಳು.

ಋಣ ಶಕ್ತಿ ಬರೀ ಕಲ್ಪನೆಯಲ್ಲ. ಎರಡು ಲೋಹದ ಫಲಕಗಳನ್ನು ತೀರಾ ಹತ್ತಿರ ಇಟ್ಟರೆ ನಡುವಿನ ಖಾಲಿ ಜಾಗದ ಶಕ್ತಿ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ ಎಂದು ಹೆಂಡ್ರಿಕ್ ಕ್ಯಾಸಿಮಿರ್ 1948ರಲ್ಲೇ ಹೇಳಿದ್ದರು. ಪ್ರಯೋಗಗಳು ಅದನ್ನು ದೃಢಪಡಿಸಿವೆ. ಕ್ವಾಂಟಮ್ ಜಗತ್ತು ಋಣ ಶಕ್ತಿಯನ್ನು ಸಾಲ ಕೊಡುತ್ತದೆ. ಆದರೆ ಕೊಡುವುದು ತೀರಾ ಅಲ್ಪ, ಕೈ ಬಿಗಿಹಿಡಿದು ಕೊಡುತ್ತದೆ.

ವರ್ಮ್‌ಹೋಲಿಗೆ ಹೋಗುವ ಮುಂಚೆ ಕಪ್ಪುಕುಳಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಇಲ್ಲಿ ನಿಲ್ಲುವುದಕ್ಕೆ ಕನ್ನಡಿಗರಿಗೆ ಹಕ್ಕೂ ಇದೆ. 1960ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ನಾನು ಆಗಲೇ ಹೇಳಿದ ಮಿಸ್ನರ್ ಬಳಿ ಸಂಶೋಧನೆ ಮಾಡುತ್ತಿದ್ದರು. ಕನ್ನಡದ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ. ಕಪ್ಪುಕುಳಿ ನಿಜಕ್ಕೂ ಇರಬಲ್ಲದೋ, ಸ್ವಲ್ಪ ಅಲುಗಿಸಿದರೆ ಒಡೆದುಹೋಗುವ ಗಣಿತದ ಗೊಂಬೆಯೋ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. ತಿರುಗದ ಕಪ್ಪುಕುಳಿ ಅಲುಗಿಸಿದರೂ ಸ್ಥಿರವಾಗಿ ಉಳಿಯುತ್ತದೆ ಎಂದು ವಿಶ್ವೇಶ್ವರ ತೋರಿಸಿದರು. ಹಾಗಿದ್ದರೆ ಅದು ಅಲ್ಲಿದೆ ಎಂದು ದೂರದಿಂದ ಗುರುತಿಸುವುದು ಹೇಗೆ? ಅವರು ಮಾಡಿದ್ದು ಸರಳವಾದ ಕೆಲಸ. ಗುರುತ್ವದ ಅಲೆಯ ಒಂದು ತುಣುಕನ್ನು ಲೆಕ್ಕದಲ್ಲಿ ಕಪ್ಪುಕುಳಿಯ ಮೇಲೆ ಎಸೆದು, ಏನು ವಾಪಸು ಬರುತ್ತದೆ ನೋಡಿದರು. ಅಗಲವಾದ ತುಣುಕು ಎಸೆದರೆ ವಿಶೇಷವೇನೂ ಕಾಣಲಿಲ್ಲ. ತುಣುಕನ್ನು ಕಿರಿದು ಮಾಡುತ್ತ ಮಾಡುತ್ತ, ಅದರ ಅಗಲ ಕುಳಿಯ ಗಾತ್ರಕ್ಕೆ ಸಮೀಪಿಸಿದಾಗ ಹೊಸದೊಂದು ಕಂಡಿತು: ಬಾರಿಸಿದ ಕಂಚಿನ ಗಂಟೆಯ ನಾದದಂತೆ, ಒಂದೇ ಶ್ರುತಿಯಲ್ಲಿ ಕಂಪಿಸುತ್ತ ಬೇಗಬೇಗ ಅಡಗಿಹೋಗುವ ಅಲೆ. ಯಾವುದರಿಂದ ಬಾರಿಸಿದರೂ ಶ್ರುತಿ ಬದಲಾಗುವುದಿಲ್ಲ. ಅದು ಕುಳಿಯ ತೂಕವನ್ನು, ತಿರುಗುವ ಕುಳಿಯಾದರೆ ತಿರುಗುವ ವೇಗವನ್ನೂ, ಮಾತ್ರ ಅವಲಂಬಿಸುತ್ತದೆ. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ನಲವತ್ತೈದು ವರ್ಷ ಅದು ಕಾಗದದ ಮೇಲೆಯೇ ಇತ್ತು. 2015ರ ಸೆಪ್ಟೆಂಬರ್ 14ರಂದು, ಗುರುತ್ವದ ಅಲೆಗಳಿಗೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳ ವಿಲೀನದ ಅಲೆಯನ್ನು ಹಿಡಿದವು. ಅಲೆಯ ಬಾಲದಲ್ಲಿ ವಿಶ್ವೇಶ್ವರ ಹೇಳಿದ ಆ ಅಡಗುವ ನಾದವಿತ್ತು, ಸೆಕೆಂಡಿಗೆ ಸುಮಾರು 250 ಕಂಪನ. ಅಷ್ಟರಲ್ಲಿ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಅದರ ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿ, ನಿವೃತ್ತರೂ ಆಗಿದ್ದರು. 2016ರ ಫೆಬ್ರವರಿಯ ಘೋಷಣೆಯನ್ನು ಅವರು ಕೇಳಿದರು. 2017ರ ಜನವರಿಯಲ್ಲಿ ತೀರಿಕೊಂಡರು. ವಿಜ್ಞಾನದಲ್ಲಿ ಹರೆಯದ ಲೆಕ್ಕವೊಂದು ಮುಪ್ಪಿನಲ್ಲಿ ನಿಜವಾಗಿ ಕೇಳಿಸುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಇನ್ನೂ ಈಚೆಗೆ, 2025ರ ಜನವರಿ 14ರಂದು ಸಿಕ್ಕ ಅಲೆ ಹತ್ತು ವರ್ಷಗಳಲ್ಲೇ ಅತಿ ಸ್ಪಷ್ಟವಾದದ್ದು. ಸೂರ್ಯನಿಗಿಂತ ಸುಮಾರು ಮೂವತ್ತೆರಡು ಮೂವತ್ತಮೂರು ಪಟ್ಟು ತೂಕದ ಎರಡು ಕುಳಿಗಳು ಒಂದಾದವು. ಮೊದಲು ಎರಡರ ಮೇಲ್ಮೈ ಸೇರಿ ಸುಮಾರು 2,40,000 ಚದರ ಕಿಲೋಮೀಟರ್; ಒಂದಾದ ಮೇಲೆ ಸುಮಾರು 4,00,000. ನಮ್ಮ ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಎಂಬುದು ನೆನಪಿದ್ದರೆ, ಎರಡು ಕರ್ನಾಟಕಕ್ಕಿಂತ ಸ್ವಲ್ಪ ಹೆಚ್ಚು.

ಈ ಅಂಕಿಯನ್ನು ಸುಮ್ಮನೆ ಹೇಳಲಿಲ್ಲ. ಕಪ್ಪುಕುಳಿಯ ಮೇಲ್ಮೈ ಎಂದೂ ಕಡಿಮೆಯಾಗದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಸಾಧಿಸಿದ್ದರು. ಎಂದೂ ಕಡಿಮೆಯಾಗದ್ದು ಎಂದ ಕೂಡಲೆ ಭೌತವಿಜ್ಞಾನದ ವಿದ್ಯಾರ್ಥಿಗೆ ಎಂಟ್ರೊಪಿ, ಅಂದರೆ ಅವ್ಯವಸ್ಥೆಯ ಅಳತೆ, ನೆನಪಾಗಬೇಕು. ವೀಲರ್ ಅವರ ವಿದ್ಯಾರ್ಥಿ ಯಾಕೋಬ್ ಬೆಕೆನ್‌ಸ್ಟೈನ್‌ಗೆ ನೆನಪಾಯಿತು. ಕುಳಿಯ ಮೇಲ್ಮೈಯೇ ಅದರ ಎಂಟ್ರೊಪಿ ಎಂದರು. ಹಾಕಿಂಗ್‌ಗೆ ಸಿಟ್ಟು ಬಂತು. ಎಂಟ್ರೊಪಿ ಇದ್ದರೆ ಉಷ್ಣತೆ ಇರಬೇಕು, ಉಷ್ಣತೆ ಇದ್ದರೆ ಏನಾದರೂ ಹೊರಸೂಸಬೇಕು. ಕಪ್ಪುಕುಳಿ ಏನನ್ನೂ ಹೊರಗೆ ಬಿಡುವುದಿಲ್ಲವಲ್ಲ! ಹುಡುಗನ ಮಾತು ತಪ್ಪೆಂದು ತೋರಿಸಲು ಹೊರಟ ಹಾಕಿಂಗ್, 1974ರಲ್ಲಿ ಹುಡುಗನದೇ ಸರಿ ಎಂದು ಒಪ್ಪಬೇಕಾಯಿತು. ಕ್ವಾಂಟಮ್ ನಿಯಮ ಸೇರಿಸಿದರೆ ಕಪ್ಪುಕುಳಿ ಮಂದವಾಗಿ ಕಾವು ಸೂಸುತ್ತದೆ. ಸೂರ್ಯನಷ್ಟು ತೂಕದ ಕುಳಿಯ ಉಷ್ಣತೆ ಒಂದು ಕೆಲ್ವಿನ್‌ನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅದು ಆವಿಯಾಗಿ ಮುಗಿಯಲು ಬೇಕಾದ ವರ್ಷಗಳನ್ನು ಬರೆಯಲು 1ರ ಮುಂದೆ 67 ಸೊನ್ನೆ ಇಡಬೇಕು. ಯಾರೂ ಕಾದು ನೋಡುವ ಸಂಗತಿಯಲ್ಲ ಇದು. ಆದರೆ ತತ್ತ್ವದ ಜಗಳಕ್ಕೆ ಅಷ್ಟು ಸಾಕು.

ಜಗಳ ಹೀಗೆ. ಒಂದು ಪುಸ್ತಕ ಸುಟ್ಟರೆ ಬೂದಿ, ಹೊಗೆ, ಬೆಳಕು ಎಲ್ಲವನ್ನೂ ಅಣುವೂ ಬಿಡದೆ ಅಳೆದರೆ, ಅದರಲ್ಲಿ ಏನು ಬರೆದಿತ್ತೆಂದು ತಾತ್ತ್ವಿಕವಾಗಿ ಹೇಳಬಹುದು. ಕ್ವಾಂಟಮ್ ಸಿದ್ಧಾಂತದಲ್ಲಿ ಮಾಹಿತಿ ಚದರುತ್ತದೆ, ಸಾಯುವುದಿಲ್ಲ. ಅದೇ ಪುಸ್ತಕವನ್ನು ಕಪ್ಪುಕುಳಿಗೆ ಎಸೆದರೆ? ಹೊರಬರುವ ವಿಕಿರಣಕ್ಕೆ ಕುಳಿಯ ತೂಕ, ವಿದ್ಯುದಂಶ, ತಿರುಗುವಿಕೆ ಬಿಟ್ಟು ಬೇರೇನೂ ಗೊತ್ತಿಲ್ಲ. ಕೊನೆಗೆ ಕುಳಿಯೂ ಇಲ್ಲವಾಗುತ್ತದೆ. ಮಾಹಿತಿ ನಾಶವಾಯಿತು ಎಂದು ಹಾಕಿಂಗ್ 1976ರಲ್ಲಿ ಬರೆದರು. 1993ರಲ್ಲಿ ಡಾನ್ ಪೇಜ್ ಈ ವಾದಕ್ಕೆ ಅಳತೆಗೋಲು ಕೊಟ್ಟರು. ವಿಕಿರಣವು ಕುಳಿಯೊಂದಿಗೆ ಎಷ್ಟು ಹೆಣೆದುಕೊಂಡಿದೆ (ಇಂಗ್ಲಿಷಿನಲ್ಲಿ ಎಂಟ್ಯಾಂಗಲ್‌ಮೆಂಟ್) ಎಂಬುದನ್ನು ಕಾಲಕ್ಕೆ ತಕ್ಕಂತೆ ಗೆರೆ ಎಳೆಯಿರಿ. ಹಾಕಿಂಗ್ ಸರಿಯಾದರೆ ಗೆರೆ ಕೊನೆಯವರೆಗೂ ಏರುತ್ತದೆ. ಕ್ವಾಂಟಮ್ ಸಿದ್ಧಾಂತ ಸರಿಯಾದರೆ ಹೆಚ್ಚೂಕಡಿಮೆ ಅರ್ಧ ದಾರಿಯಲ್ಲಿ ಬಾಗಿ, ಕೊನೆಗೆ ಸೊನ್ನೆಗೆ ಇಳಿಯಬೇಕು. ಹಾಕಿಂಗ್ 2004ರಲ್ಲಿ ಡಬ್ಲಿನ್ನಿನ ಸಮ್ಮೇಳನದಲ್ಲಿ ಭೌತವಿಜ್ಞಾನಿ ಜಾನ್ ಪ್ರೆಸ್ಕಿಲ್ ಜೊತೆ ಈ ವಿಷಯದಲ್ಲಿ ಕಟ್ಟಿದ್ದ ಪಂದ್ಯ ಸೋತೆನೆಂದು ಒಪ್ಪಿ, ಅವರಿಗೆ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. ಆದರೆ ಗೆರೆ ಬಾಗುವುದನ್ನು ಗುರುತ್ವದ ಲೆಕ್ಕದಿಂದಲೇ ಯಾರೂ ತೋರಿಸಿರಲಿಲ್ಲ. ಸೋಲೊಪ್ಪಿಕೊಂಡದ್ದೂ ಒಂದು ರೀತಿಯಲ್ಲಿ ನಂಬಿಕೆಯ ಮೇಲೆಯೇ.

ಇಲ್ಲಿಗೆ ಹುವಾನ್ ಮಾಲ್ಡಸೀನ ಬರುತ್ತಾರೆ. 1997ರಲ್ಲಿ ಈ ಅರ್ಜೆಂಟೀನದ ಭೌತವಿಜ್ಞಾನಿ, ಒಂದು ಬಗೆಯ ಬಾಗಿದ ದೇಶಕಾಲದ ಒಳಗಿನ ಗುರುತ್ವವೆಲ್ಲ ಅದರ ಅಂಚಿನಲ್ಲಿರುವ, ಗುರುತ್ವವೇ ಇಲ್ಲದ ಕ್ವಾಂಟಮ್ ವ್ಯವಸ್ಥೆಯೊಂದಕ್ಕೆ ಸಮ ಎಂದು ಊಹಿಸಿದರು. ಕೆಲವು ವರ್ಷಗಳ ನಂತರ, ಪರಸ್ಪರ ಹೆಣೆದುಕೊಂಡ ಅಂಥ ಎರಡು ವ್ಯವಸ್ಥೆಗಳನ್ನು ತೆಗೆದುಕೊಂಡರೆ ಗುರುತ್ವದ ಭಾಷೆಯಲ್ಲಿ ಅದೇ ಐನ್‌ಸ್ಟೈನ್–ರೋಸೆನ್ ಸೇತುವೆ ಎಂದರು. 2013ರಲ್ಲಿ ಅವರು ಮತ್ತು ಲೆನರ್ಡ್ ಸಸ್‌ಕಿಂಡ್ ಇನ್ನೂ ಧೈರ್ಯದ ಮಾತಾಡಿದರು: ಕ್ವಾಂಟಮ್ ಹೆಣಿಗೆ ಇರುವಲ್ಲೆಲ್ಲ ಯಾವುದೋ ಅರ್ಥದಲ್ಲಿ ವರ್ಮ್‌ಹೋಲ್ ಇದೆ. ಐನ್‌ಸ್ಟೈನರು ಸೇತುವೆಯ ಬಗ್ಗೆ ಬರೆದದ್ದೂ, ಪೊಡೊಲ್ಸ್ಕಿ–ರೋಸೆನ್ ಜೊತೆ ಈ ಹೆಣಿಗೆಯ ಬಗ್ಗೆ ದೂರಿ ಬರೆದದ್ದೂ ಒಂದೇ ವರ್ಷ, 1935. ಎರಡೂ ಒಂದೇ ಇರಬಹುದೆಂಬ ಸುಳಿವು ಅವರಿಗೆ ಇದ್ದಂತಿಲ್ಲ. ಈ ಊಹೆ ಎಲ್ಲ ಸಂದರ್ಭಕ್ಕೂ ಸರಿ ಎಂದು ಇನ್ನೂ ಸಾಧಿತವಾಗಿಲ್ಲ. ನನಗಂತೂ ಅದು ಘೋಷವಾಕ್ಯದ ಹಂತ ದಾಟಿದೆ ಎನಿಸುವುದು ಕೆಲವು ಕಡೆ ಮಾತ್ರ.

ಅಂಥ ಒಂದು ಕಡೆ, 2016ರ ಗಾವ್, ಜಾಫರಿಸ್, ವಾಲ್ ಅವರ ಪ್ರಬಂಧ. ಸೇತುವೆಯ ಎರಡು ತುದಿಗಳ ಹೊರಗಿನ ವ್ಯವಸ್ಥೆಗಳನ್ನು ನೇರವಾಗಿ ಸ್ವಲ್ಪ ಜೋಡಿಸಿದರೆ, ನಡುವೆ ಋಣ ಶಕ್ತಿ ಹುಟ್ಟಿ ಗಂಟಲು ತೆರೆದುಕೊಳ್ಳುತ್ತದೆ ಎಂದು ಅವರು ತೋರಿಸಿದರು. ರಾಯ್‌ಚೌಧುರಿ ಸಮೀಕರಣ ಕೇಳುತ್ತಿದ್ದ ಸಾಲ ಸಿಕ್ಕಿತು! ಆದರೆ ಷರತ್ತನ್ನು ಗಮನಿಸಿ: ಎರಡು ತುದಿಗಳು ಹೊರಗಿನ ದಾರಿಯಲ್ಲಿ ಆಗಲೇ ಮಾತಾಡುತ್ತಿರಬೇಕು. ಹೊರಗೆ ದಾರಿ ಇದ್ದ ಮೇಲೆ ಸುರಂಗದಿಂದ ಲಾಭವೇನು? 2018ರಲ್ಲಿ ಮಾಲ್ಡಸೀನ, ಮಿಲೇಖಿನ್, ಪೊಪೋವ್ ಸೇರಿ, ಕಾಂತೀಯ ಆವೇಶವಿರುವ ಎರಡು ಕುಳಿಗಳ ನಡುವೆ ದಾಟಬಲ್ಲ ವರ್ಮ್‌ಹೋಲನ್ನು ಲೆಕ್ಕದಲ್ಲಿ ಕಟ್ಟಿದರು. ಅದರ ಮೂಲಕ ಹೋಗುವುದು ಹೊರಗಿನಿಂದ ಹೋಗುವುದಕ್ಕಿಂತ ತಡ. 2020ರಲ್ಲಿ ಮಾಲ್ಡಸೀನ–ಮಿಲೇಖಿನ್, ಮನುಷ್ಯ ದಾಟಿ ಬದುಕಬಲ್ಲ ವರ್ಮ್‌ಹೋಲನ್ನೂ ವಿವರಿಸಿದರು. ಅದಕ್ಕೆ ನಮಗೆ ತಿಳಿದಿರುವುದಕ್ಕಿಂತ ಆಚೆಯ ಭೌತವಿಜ್ಞಾನ ಬೇಕು. ಹೋಗುವವನಿಗೆ ತನ್ನ ಗಡಿಯಾರದಲ್ಲಿ ಒಂದು ಸೆಕೆಂಡೂ ಆಗುವುದಿಲ್ಲ. ಹೊರಗೆ ಕಾಯುವವರಿಗೆ ಹತ್ತಾರು ಸಾವಿರ ವರ್ಷ. ಅಡ್ಡದಾರಿಯ ಕನಸಿಗೆ ಇದು ಪ್ರಕೃತಿಯ ಉತ್ತರ ಎಂದೇ ನಾನು ಓದುತ್ತೇನೆ. ಕಾರ್ಯ–ಕಾರಣದ ಕ್ರಮ ಕೆಡದ ಹಾಗೆ ಗುರುತ್ವ ಕಾವಲು ಕಾಯುತ್ತಿದೆ.

ಈಗ ಗೆದ್ದ ವರ್ಮ್‌ಹೋಲಿನ ಕಡೆ. 2019ರ ಮೇ ತಿಂಗಳಲ್ಲಿ ಜೆಫ್ ಪೆನಿಂಗ್ಟನ್ ಒಬ್ಬರೇ, ಅದೇ ಹೊತ್ತಿಗೆ ಅಲ್ಮ್‌ಹೆಯ್ರಿ, ಎಂಗಲ್‌ಹಾರ್ಟ್, ಮರೋಲ್ಫ್, ಮ್ಯಾಕ್ಸ್‌ಫೀಲ್ಡ್ ಒಂದು ತಂಡವಾಗಿ, ಗುರುತ್ವದ ಲೆಕ್ಕದಿಂದಲೇ ಪೇಜ್ ಗೆರೆ ಬಾಗುವುದನ್ನು ತೋರಿಸಿದರು. ಅರ್ಧ ದಾರಿ ದಾಟಿದ ಮೇಲೆ ಕುಳಿಯ ಒಳಗಿನ ಒಂದು ಭಾಗವನ್ನು, ದೂರ ಹೋಗಿಬಿಟ್ಟಿರುವ ವಿಕಿರಣದ ಖಾತೆಗೆ ಬರೆಯಬೇಕಾಗುತ್ತದೆ. ಆ ಭಾಗಕ್ಕೆ ‘ದ್ವೀಪ’ ಎಂದು ಹೆಸರು. ಯಾಕೆ ಹಾಗೆ ಬರೆಯಬೇಕು ಎಂಬುದನ್ನು ಅದೇ ವರ್ಷದ ನವೆಂಬರಿನಲ್ಲಿ ಎರಡು ತಂಡಗಳು ವಿವರಿಸಿದವು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಂಟ್ರೊಪಿ ಲೆಕ್ಕ ಹಾಕಲು ಗಣಿತದ ಒಂದು ಉಪಾಯವಿದೆ: ವ್ಯವಸ್ಥೆಗೆ ಎರಡು, ಮೂರು, ನಾಲ್ಕು ನಕಲು ಮಾಡಿಕೊಂಡು, ನಕಲುಗಳ ನಡುವಿನ ಹೋಲಿಕೆ ಅಳೆದು, ಕೊನೆಗೆ ನಕಲಿನ ಸಂಖ್ಯೆಯನ್ನು ಒಂದಕ್ಕೆ ಇಳಿಸುವುದು. ಗುರುತ್ವದಲ್ಲಿ ಹೀಗೆ ಮಾಡುವಾಗ, ಅಂಚಿನ ಷರತ್ತಿಗೆ ಒಗ್ಗುವ ದೇಶಕಾಲದ ಎಲ್ಲ ಆಕಾರಗಳನ್ನೂ ಕೂಡಬೇಕು. ಹಾಕಿಂಗ್ ಕೂಡಿದ್ದು ಪ್ರತಿ ನಕಲಿಗೂ ಪ್ರತ್ಯೇಕ ಕಪ್ಪುಕುಳಿ ಇರುವ ಆಕಾರವನ್ನು ಮಾತ್ರ. ಒಂದು ನಕಲಿನ ಕುಳಿಯ ಒಳಭಾಗ ಇನ್ನೊಂದು ನಕಲಿನ ಒಳಭಾಗಕ್ಕೆ ಸೇರಿಕೊಂಡಿರುವ ಆಕಾರಗಳೂ ಇವೆ; ಅವೇ ಈ ಹೊಸ ವರ್ಮ್‌ಹೋಲುಗಳು. ಇವಕ್ಕೆ ಮೊತ್ತದಲ್ಲಿ ಭಾರೀ ದಂಡ ಬೀಳುತ್ತದೆ, ಕುಳಿಯ ಎಂಟ್ರೊಪಿ ಹೆಚ್ಚಿದಷ್ಟೂ ದಂಡ ಹೆಚ್ಚು. ಹಾಗಾಗಿ ಮೊದಮೊದಲು ಇವನ್ನು ಬಿಟ್ಟರೂ ನಡೆಯುತ್ತದೆ, ಹಾಕಿಂಗ್ ಲೆಕ್ಕ ಸರಿಯಾಗಿಯೇ ಇರುತ್ತದೆ. ಕುಳಿ ಕುಗ್ಗಿದಂತೆ ದಂಡ ಇಳಿಯುತ್ತದೆ, ವಿಕಿರಣ ಹೆಚ್ಚುತ್ತದೆ. ಒಂದು ಹಂತದಲ್ಲಿ ಸೇರಿಕೊಂಡ ಆಕಾರಗಳೇ ಮೇಲುಗೈ ಪಡೆಯುತ್ತವೆ. ಗೆರೆ ಅಲ್ಲೇ ಬಾಗುತ್ತದೆ. ಈ ವರ್ಮ್‌ಹೋಲು ಆಕಾಶದಲ್ಲಿ ಎಲ್ಲೂ ಇಲ್ಲ. ನಕಲು ಕುಳಿಗಳನ್ನು ಜೋಡಿಸುವ ಇದು ಇರುವುದು ಮೊತ್ತ ಹಾಕುವ ಕಾಗದದ ಮೇಲೆ. ಅಲ್ಲಿ ಇದನ್ನು ಬಿಟ್ಟರೆ ಉತ್ತರ ತಪ್ಪುತ್ತದೆ. ನನ್ನ ಮಟ್ಟಿಗೆ ಈ ಶತಮಾನದ ಗುರುತ್ವ ಸಿದ್ಧಾಂತದಲ್ಲಿ ಇದಕ್ಕಿಂತ ಸೊಗಸಾದ ಲೆಕ್ಕ ಇನ್ನೊಂದಿಲ್ಲ.

ಸೊಗಸಾದದ್ದೆಲ್ಲ ಮುಗಿದದ್ದಲ್ಲ. ಮೊದಲನೆಯದಾಗಿ, ಇದು ಗೆರೆಯ ಆಕಾರ ಹೇಳುತ್ತದೆ. ಪುಸ್ತಕದ ಅಕ್ಷರಗಳು ವಿಕಿರಣಕ್ಕೆ ಹತ್ತಿದ್ದು ಹೇಗೆಂದು ಹೇಳುವುದಿಲ್ಲ. ಇನ್ನೊಂದು ಆಕ್ಷೇಪದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಐಸಿಟಿಎಸ್ ಎಂಬ ಕೇಂದ್ರವಿದೆ. ಅಲ್ಲಿಯ ಸುವ್ರತ್ ರಾಜು ಮತ್ತು ಸಹೋದ್ಯೋಗಿಗಳು ಕೇಳುವುದು ಬುಡದ ಪ್ರಶ್ನೆ: ಗುರುತ್ವ ಇರುವಲ್ಲಿ ‘ಒಳಗಿನ ಮಾಹಿತಿ’, ‘ಹೊರಗಿನ ಮಾಹಿತಿ’ ಎಂದು ಎರಡು ಖಾನೆ ಮಾಡಲು ಬರುತ್ತದೆಯೇ? ಒಳಗಿನ ದ್ರವ್ಯದ ತೂಕವನ್ನು ದೂರದ ಗುರುತ್ವ ಕ್ಷೇತ್ರದಿಂದಲೇ ಅಳೆಯಬಹುದು ಎಂದು ನ್ಯೂಟನ್ ಕಾಲದಿಂದ ಗೊತ್ತು. ಕ್ವಾಂಟಮ್ ಗುರುತ್ವದಲ್ಲಿ ಈ ಮಾತು ಇನ್ನೂ ಬಲವಾಗುತ್ತದೆ, ಒಳಗಿನ ಎಲ್ಲ ಮಾಹಿತಿಯೂ ದೂರದ ಅಂಚಿನಲ್ಲಿ ಯಾವಾಗಲೂ ಲಭ್ಯ ಎನ್ನುತ್ತಾರೆ ಅವರು. ಹಾಗಾದರೆ ಹಾಕಿಂಗ್ ಪ್ರಶ್ನೆಯ ಮೊದಲ ಸಾಲಿನಲ್ಲೇ ದೋಷವಿದೆ. ಮಾಹಿತಿ ಒಳಗೆ ಸಿಕ್ಕಿಕೊಂಡೇ ಇರಲಿಲ್ಲ. 2021ರಲ್ಲಿ ರಾಜು, ಆಂಡ್ರಿಯಾಸ್ ಕಾರ್ಚ್, ಲಿಸಾ ರಾಂಡಲ್ ಮೊದಲಾದವರು ಕೂಡಿ ಬರೆದ ಪ್ರಬಂಧ, ದ್ವೀಪದ ಲೆಕ್ಕಗಳು ಚೆನ್ನಾಗಿ ನಡೆಯುವುದು ಗುರುತ್ವವನ್ನು ಹೊತ್ತೊಯ್ಯುವ ಕಣವಾದ ಗ್ರಾವಿಟಾನ್‌ಗೆ ತೂಕವಿರುವ ಮಾದರಿಗಳಲ್ಲಿ, ನಮ್ಮ ಲೋಕದಂಥ ದೂರವ್ಯಾಪಿ ಗುರುತ್ವದಲ್ಲಿ ದ್ವೀಪಕ್ಕೆ ಸ್ವತಂತ್ರ ಅಸ್ತಿತ್ವ ಕೊಡುವುದು ಕಷ್ಟ ಎಂದು ವಾದಿಸಿತು. ಇದಕ್ಕೆ ಮರುವಾದಗಳಿವೆ, ಚರ್ಚೆ ನಡೆದಿದೆ. ನಾನು ಯಾವ ಕಡೆ ಎಂದು ಕೇಳಿದರೆ, ಖಾನೆಯೇ ತಪ್ಪು ಎನ್ನುವವರ ಕಡೆಗೆ ಸ್ವಲ್ಪ ವಾಲುತ್ತೇನೆ.

ಒಂದು ದೂರು ಹೇಳಿ ಮುಗಿಸುತ್ತೇನೆ. 2022ರ ನವೆಂಬರಿನಲ್ಲಿ, ಗೂಗಲ್‌ನ ಸಿಕಮೋರ್ ಕ್ವಾಂಟಮ್ ಯಂತ್ರದಲ್ಲಿ ಒಂಬತ್ತು ಕ್ಯೂಬಿಟ್ (ಕ್ವಾಂಟಮ್ ಬಿಟ್) ಬಳಸಿ ಮಾಡಿದ ಪ್ರಯೋಗ ‘ನೇಚರ್’ನಲ್ಲಿ ಬಂತು. ದಾಟಬಲ್ಲ ವರ್ಮ್‌ಹೋಲಿಗೆ ಹೋಲುವ ಕ್ವಾಂಟಮ್ ನಡವಳಿಕೆಯನ್ನು ಬಹಳ ಸರಳಗೊಳಿಸಿದ ಮಾದರಿಯಲ್ಲಿ ಅನುಕರಿಸಿದ ಕೆಲಸ ಅದು. ಪ್ರಬಂಧದ ಮಾತು ಎಚ್ಚರದ್ದೇ. ಸುದ್ದಿಯಾದದ್ದು ಮಾತ್ರ ‘ಪ್ರಯೋಗಾಲಯದಲ್ಲಿ ವರ್ಮ್‌ಹೋಲ್ ಸೃಷ್ಟಿ’ ಎಂದು. ಮಾದರಿಯನ್ನು ಅಷ್ಟು ಸರಳಗೊಳಿಸಿದ ಮೇಲೆ ಅದರಲ್ಲಿ ಗುರುತ್ವದ ಲಕ್ಷಣ ಉಳಿದಿದೆಯೇ ಎಂದು ಕೆಲವೇ ತಿಂಗಳಲ್ಲಿ ಕೋಬ್ರಿನ್, ಶುಸ್ಟರ್, ಯಾವ್ ಪ್ರಶ್ನಿಸಿದರು. ಆ ಆಕ್ಷೇಪ ಯಾವ ಮುಖಪುಟದಲ್ಲೂ ಬಂದದ್ದು ನಾನು ನೋಡಲಿಲ್ಲ. ವಿಜ್ಞಾನ ಬರೆಯುವ ಕಿರಿಯ ಗೆಳೆಯರು ಎರಡನ್ನೂ ಬರೆಯಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಾನು ಹೇಳಿದ ಪ್ರಬಂಧಗಳಲ್ಲಿ ಈಚಿನವು ಬಹುಪಾಲು ‘ಆರ್ಕೈವ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಐಸಿಟಿಎಸ್‌ನ ಉಪನ್ಯಾಸಗಳು ಯೂಟ್ಯೂಬಿನಲ್ಲಿವೆ. 2015ರ ಗುರುತ್ವ ಅಲೆಯ ದತ್ತಾಂಶವನ್ನೂ ಲೈಗೊ ಎಲ್ಲರಿಗೂ ತೆರೆದಿಟ್ಟಿದೆ. ಅದನ್ನು ಇಳಿಸಿಕೊಂಡು ಅಲೆಯ ಗೆರೆ ಬಿಡಿಸಲು ಪೈಥಾನ್ ಗೊತ್ತಿರುವ ಒಬ್ಬ ಹುಡುಗಿ ಅಥವಾ ಹುಡುಗ, ಕಾಲೇಜಿನ ಒಂದು ಮಾಮೂಲಿ ಕಂಪ್ಯೂಟರ್ ಸಾಕು. ಈ ವರ್ಷದ ಬಿ.ಎಸ್ಸಿ. ಪ್ರಾಜೆಕ್ಟಿಗೆ ಅದನ್ನೇ ತೆಗೆದುಕೊಳ್ಳಿ, ವಿಶ್ವೇಶ್ವರ ಹೇಳಿದ ನಾದ ಎಲ್ಲಿ ಶುರುವಾಗುತ್ತದೆಂದು ನೀವೇ ಹುಡುಕಿ ನೋಡಿ.